ಚಂಡಮಾರುತದ ನಂತರ ಮನೆ ಕಟ್ಟಿಸುವ ಕೆಲಸ: ಕೊಂಕಣದಲ್ಲಿ ಕೈಹಾಕುವ ಸಂಘಗಳಿಗೊಂದು ಕೈಪಿಡಿ

2020ರ ಜೂನ್ 3ರ ಮಧ್ಯಾಹ್ನ ನಿಸರ್ಗ ಚಂಡಮಾರುತವು ಅಲಿಬಾಗಿನ ದಕ್ಷಿಣಕ್ಕೆ ರಾಯಗಡ ಜಿಲ್ಲೆಯ ದಡ ಹಾಯ್ದು ಒಳನಾಡಿಗೆ ನುಗ್ಗಿದಾಗ, ಮುಂಬಯಿಯಲ್ಲಿದ್ದ ನಾವು ಪಾರಾದೆವೆಂದು ಉಸಿರುಬಿಟ್ಟೆವು. ಶ್ರೀವರ್ಧನ, ದಿವೇಆಗರ, ಮುರುಡ, ಮ್ಹಸಳಾ ಕಡೆಯವರಿಗೆ ಆ ಭಾಗ್ಯವಿರಲಿಲ್ಲ. ತಲೆಮಾರುಗಳ ಅಡಿಕೆ, ತೆಂಗಿನ ತೋಟಗಳು ಕೆಲವೇ ಗಂಟೆಗಳಲ್ಲಿ ನೆಲಕಚ್ಚಿದವು. ಹೆಂಚು, ತಗಡು, ಸಿಮೆಂಟ್ ಶೀಟುಗಳು ಹಾರಿಹೋಗಿ ಮನೆಗಳು ಬಯಲಾದವು. ಅದರ ಹಿಂದೆಯೇ ಮಳೆಗಾಲ ಕಾಲಿಟ್ಟಿತು. ಮುಂಬಯಿ, ಥಾಣೆ, ಪುಣೆಯ ಎಷ್ಟೋ ಸಂಘಗಳಂತೆ ನಾವೂ ಅಕ್ಕಿ, ಬೇಳೆ, ತಾಡಪತ್ರಿಗಳನ್ನು ಟೆಂಪೊದಲ್ಲಿ ತುಂಬಿಕೊಂಡು ಹೋದೆವು. ಮರುವರ್ಷ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಗೋವಾ ಮತ್ತು ಕೊಂಕಣದ ಕರಾವಳಿಯನ್ನು ಸವರಿಕೊಂಡು ಗುಜರಾತಿನತ್ತ ಸಾಗಿದಾಗ, ನಾವು ಕೊಟ್ಟ ಅದೇ ತಾಡಪತ್ರಿಗಳು ಕೆಲವು ಮನೆಗಳ ಮೇಲೆ ಇನ್ನೂ ಹಾಸಿದ್ದವು. ಒಂದು ವರ್ಷವಾದರೂ ಅಲ್ಲಿ ಮಾಡು (ಛಾವಣಿ) ಬಂದಿರಲಿಲ್ಲ. ಪರಿಹಾರ ಹಂಚುವುದು ಮತ್ತು ಮನೆ ಕಟ್ಟಿಸುವುದು ಎರಡು ಬೇರೆಯೇ ವಿದ್ಯೆಗಳು ಎಂಬುದು ನನಗೆ ಮನದಟ್ಟಾದದ್ದು ಆಗ.

ಅಕ್ಕಿಯ ಚೀಲದಿಂದ ಮುಂದಕ್ಕೆ ಹೆಜ್ಜೆಯಿಟ್ಟು, ಲಾಭದ ಉದ್ದೇಶವಿಲ್ಲದ ವಸತಿ ಸಂಸ್ಥೆಯಾಗಿ ಕೆಲಸ ಮಾಡಬೇಕೆಂದಿರುವ ಕನ್ನಡ ಸಂಘಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾಟುಂಗಾದಿಂದ ಪಿಂಪ್ರಿ-ಚಿಂಚವಾಡದವರೆಗೆ, ಅಲ್ಲಿಂದ ವಾಸ್ಕೋದವರೆಗೆ ಇಂಥ ಸಂಘಗಳಿವೆ. ಅವುಗಳಲ್ಲಿ ಎಂಜಿನಿಯರರು, ಲೆಕ್ಕಪರಿಶೋಧಕರು, ವಕೀಲರು, ಗುತ್ತಿಗೆದಾರರು ಎಲ್ಲರೂ ಇದ್ದಾರೆ. ಇಲ್ಲದಿರುವುದು ಇವರೆಲ್ಲರನ್ನೂ ಒಂದು ಕ್ರಮಕ್ಕೆ ತರುವ ತಿಳಿವಳಿಕೆ ಮಾತ್ರ.

ಮೊದಲು ತೀರ್ಮಾನಿಸಬೇಕಾದದ್ದು: ಕಟ್ಟುವವರು ಯಾರು?

ಹಣ ಕೂಡಿಸಿ, ಗುತ್ತಿಗೆದಾರನನ್ನು ಹಿಡಿದು, ಒಂದೇ ನಮೂನೆಯ ಐವತ್ತು ಮನೆಗಳನ್ನು ಸಾಲಾಗಿ ಕಟ್ಟಿಸಿ ಬೀಗದ ಕೈ ಹಂಚುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಫೋಟೊಗೂ ಅದು ಚೆನ್ನಾಗಿರುತ್ತದೆ. ಆ ದಾರಿ ಬೇಡವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳ 52 ಊರುಗಳನ್ನು ಸ್ಥಳಾಂತರಿಸಿ, ಗುತ್ತಿಗೆದಾರರಿಂದ ಹೊಸ ಊರುಗಳನ್ನು ಕಟ್ಟಿಸಲಾಯಿತು. ನಗರದ ಬಡಾವಣೆಯಂತಹ ಆ ವಿನ್ಯಾಸದಲ್ಲಿ ದನಕರು, ಕಾಳುಕಡಿ, ಕೂಡುಕುಟುಂಬ ಇವಾವುದಕ್ಕೂ ಸರಿಯಾದ ಜಾಗವಿರಲಿಲ್ಲ. ಅದೇ ಪ್ರದೇಶದಲ್ಲಿ, ಬಿರುಕುಬಿಟ್ಟ ಮನೆಗಳನ್ನು ಇದ್ದಲ್ಲೇ ಭದ್ರಪಡಿಸುವ ಕೆಲಸವನ್ನು ಮನೆಯವರಿಗೇ ವಹಿಸಿ, ಸ್ವಯಂ ಶಿಕ್ಷಣ ಪ್ರಯೋಗದಂತಹ ಸಂಸ್ಥೆಯ ಮೂಲಕ ಹಳ್ಳಿಯ ಹೆಂಗಸರನ್ನೇ ಜನರಿಗೂ ಸರಕಾರಕ್ಕೂ ನಡುವಿನ ಸಂವಾದ ಸಹಾಯಕರನ್ನಾಗಿ ನಿಲ್ಲಿಸಿದ ಕಡೆ ಜನ ತಮ್ಮ ಮನೆಯನ್ನು ತಾವೇ ಅರಿತು ಕಟ್ಟಿಕೊಂಡರು. 2001ರ ಭುಜ್ ಭೂಕಂಪದ ನಂತರ ಗುಜರಾತ್ ಸರಕಾರ ಹೆಚ್ಚಿನ ಪಾಲು ಮನೆಗಳಿಗೆ ಇದೇ ಮಾರ್ಗ ಹಿಡಿಯಿತು: ಕಂತಿನಲ್ಲಿ ಹಣ, ಎಂಜಿನಿಯರರ ತಪಾಸಣೆ, ಕಟ್ಟುವ ಹೊಣೆ ಮನೆಯ ಯಜಮಾನರದು.

ಹಾಗಾದರೆ ನಮ್ಮ ಪಾತ್ರವೇನು? ಮನೆಯವರು ಒಬ್ಬರೇ ಹೊರಲಾಗದ ಮೂರು ಭಾರಗಳಿಗೆ ಹೆಗಲು ಕೊಡುವುದು. ಕಾಗದಪತ್ರ ಮೊದಲನೆಯದು, ಹಣದ ಹೊಂದಾಣಿಕೆ ಎರಡನೆಯದು, ಗಾಳಿಗೆ ಜಗ್ಗದಂತೆ ಕಟ್ಟುವ ತಂತ್ರ ಮೂರನೆಯದು. ಗೋಡೆ ಎತ್ತುವುದು ಅವರಿಗೆ ಬರುತ್ತದೆ.

ಸಂಸ್ಥೆಯ ನೋಂದಣಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಂಘವು ಈಗಾಗಲೇ ಸಾರ್ವಜನಿಕ ನ್ಯಾಸವಾಗಿ ಚಾರಿಟಿ ಕಮಿಷನರರಲ್ಲಿ ನೋಂದಾಯಿತವಾಗಿದ್ದರೆ, ಅದರ ಧ್ಯೇಯೋದ್ದೇಶಗಳಲ್ಲಿ ವಸತಿ ಮತ್ತು ವಿಪತ್ತು ಪುನರ್ವಸತಿ ಇದೆಯೇ ಎಂದು ನೋಡಿ; ಇಲ್ಲದಿದ್ದರೆ ಸೇರಿಸಿಕೊಳ್ಳಿ, ಅಥವಾ 2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರಡಿ ಬೇರೆ ಲಾಭರಹಿತ ಕಂಪನಿ ಮಾಡಿಕೊಳ್ಳಿ. ಕಂಪನಿಗಳು ಸಮಾಜಸೇವೆಗೆಂದು ಕೊಡುವ ಸಿಎಸ್‌ಆರ್ ಹಣ ಬೇಕಿದ್ದರೆ ಸಿಎಸ್‌ಆರ್-1 ನೋಂದಣಿ ಕಡ್ಡಾಯ. ಹೊರದೇಶದಲ್ಲಿರುವ ನಮ್ಮವರು ವಿದೇಶಿ ಪೌರತ್ವ ಪಡೆದಿದ್ದರೆ ಅವರ ದೇಣಿಗೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು, ಮತ್ತು 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಇದನ್ನೆಲ್ಲ ಬಿರುಗಾಳಿ ಬೀಸುವ ಮೊದಲೇ ಮುಗಿಸಿಟ್ಟುಕೊಳ್ಳಬೇಕು.

ಕಾಗದದ ಕೆಲಸವೇ ಅರ್ಧ ಮನೆ

ಗಾಳಿ ನಿಂತ ಮರುವಾರದಲ್ಲೇ ತಲಾಠಿ (ಊರಿನ ಕಂದಾಯ ಅಧಿಕಾರಿ) ಮತ್ತು ಗ್ರಾಮಸೇವಕರು ಹಾನಿಯನ್ನು ಸ್ಥಳದಲ್ಲೇ ನೋಡಿ ದಾಖಲಿಸುವ ಪಂಚನಾಮೆಗೆ ಬರುತ್ತಾರೆ. ಸರಕಾರದ ಪರಿಹಾರದಲ್ಲಿ ಪೂರ್ಣ ಹಾನಿ, ಭಾಗಶಃ ಹಾನಿ, ಗುಡಿಸಲು ಎಂಬ ವರ್ಗಗಳಿದ್ದು, ಕನಿಷ್ಠ ಶೇ. 15ರಷ್ಟು ಹಾನಿಯಾಗಿದ್ದರೆ ಮಾತ್ರ ಭಾಗಶಃ ಹಾನಿಯ ಲೆಕ್ಕಕ್ಕೆ ಬರುತ್ತದೆ. ಯಾವ ವರ್ಗದಲ್ಲಿ ಹೆಸರು ಬಿತ್ತೆಂಬುದರ ಮೇಲೆ ಸಾವಿರಗಳು ಬರುತ್ತವೋ ಲಕ್ಷ ಬರುತ್ತದೋ ಎಂಬುದು ನಿಂತಿದೆ. ಆದ್ದರಿಂದ ನಿಮ್ಮ ಮೊದಲ ತಂಡದಲ್ಲಿ ಎಂಜಿನಿಯರರಿಗಿಂತ ಮೊದಲು ಮರಾಠಿ ಓದಿ ಬರೆಯಬಲ್ಲ ಇಬ್ಬರು, ದಿನಾಂಕ ತೋರಿಸುವ ಕ್ಯಾಮೆರಾ ಇರುವ ಫೋನಿನೊಂದಿಗೆ ಇರಬೇಕು. ಪ್ರತಿ ಮನೆಯ ನಾಲ್ಕೂ ಹೊರಗೋಡೆ, ಒಳಗಿನಿಂದ ಕಾಣುವ ಆಕಾಶ, ಬುಡದ ಬಿರುಕು ಇಷ್ಟರ ಚಿತ್ರ ತೆಗೆದು, ಪಂಚನಾಮೆಯ ಪ್ರತಿಯನ್ನು ಮನೆಯವರು ಕೇಳಿ ಪಡೆಯುವಂತೆ ಮಾಡಿ. ಮಾಡು ಮಾತ್ರ ಹೋದ ಮನೆಯನ್ನು ಭಾಗಶಃ ಹಾನಿ ಎಂದು ಬರೆದುಕೊಂಡು ಹೋಗುತ್ತಾರೆ. ಜುಲೈ ಮಳೆಗೆ ನೆನೆದ ಮಣ್ಣಿನ ಗೋಡೆ ಆಮೇಲೆ ಕುಸಿಯುತ್ತದೆ. ಆಗ ತಹಸೀಲ್ದಾರರಿಗೆ ಮರುಪಂಚನಾಮೆಯ ಅರ್ಜಿ ಹಾಕಲು ಮೊದಲಿನ ಚಿತ್ರಗಳೇ ಆಧಾರ.

ಮುಂದಿನ ತೊಡಕು ಜಾಗದ್ದು. ಜಮೀನಿನ ಪಹಣಿಯಾದ ಸಾತ್‌ಬಾರಾ ಉತಾರೆಯಲ್ಲಿ ಅಥವಾ ಗ್ರಾಮಪಂಚಾಯತಿಯ ಮನೆಗಳ ದಾಖಲೆಯಾದ ನಮೂನೆ 8ರಲ್ಲಿ ಹೆಸರು ತೀರಿಹೋದ ಅಜ್ಜನದೇ ಆಗಿರುತ್ತದೆ. ಅವನ ನಾಲ್ಕು ಮಕ್ಕಳಲ್ಲಿ ಒಬ್ಬರು ಊರಲ್ಲಿ, ಉಳಿದವರು ಮುಂಬಯಿಯ ಲಾಲ್‌ಬಾಗ್, ವಿರಾರ್, ನಾಲಾಸೋಪಾರಾಗಳಲ್ಲಿ. ಊರಲ್ಲಿರುವವರಿಗೆ ಮನೆ ಬೇಕು, ಹೊರಗಿರುವವರ ಸಹಿ ಇಲ್ಲದೆ ಮನೆ ಅವರ ಹೆಸರಿಗೆ ಆಗದು. ಇಲ್ಲಿಯೇ ಮುಂಬಯಿಯ ಸಂಘ ನಿಜವಾಗಿ ಉಪಯೋಗಕ್ಕೆ ಬರುವುದು. ನಾವು ಭಾನುವಾರಗಳಂದು ಆ ಚಾಳುಗಳಿಗೆ ಹೋಗಿ ಅಣ್ಣತಮ್ಮಂದಿರನ್ನು ಕೂರಿಸಿ ಮಾತನಾಡಿಸಿ, ಸಹಿ ಪಡೆದು, ಫೇರ್‌ಫಾರ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಆಗುವವರೆಗೆ ತಲಾಠಿ ಕಚೇರಿಗೆ ತಿರುಗಿದೆವು. ಒಬ್ಬ ಅಣ್ಣನವರು ಎರಡು ತಿಂಗಳು ಒಪ್ಪದೆ, ಕೊನೆಗೆ ತಮ್ಮನ ಹೆಂಡತಿ ತಾಡಪತ್ರಿಯ ಕೆಳಗೆ ಒಲೆ ಹಚ್ಚುವ ಚಿತ್ರ ನೋಡಿ ಸಹಿ ಹಾಕಿದರು. ಹೆಸರು ಬದಲಾಗುವಾಗ ಗಂಡಹೆಂಡತಿ ಇಬ್ಬರ ಹೆಸರನ್ನೂ ಸೇರಿಸಲು ಪ್ರಯತ್ನಿಸಿ; ಆಮೇಲೆ ಅದು ಸಾಧ್ಯವಾಗುವುದು ಕಡಿಮೆ.

ಇದು ಕೊಂಕಣಕ್ಕೇ ಸೀಮಿತವಾದ ಪಾಡಲ್ಲ. 2005ರ ಆಗಸ್ಟ್ 29ರಂದು ಕತ್ರೀನಾ ಹರಿಕೇನ್ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ನಂತರ, ಮೃತ್ಯುಪತ್ರವಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಬಂದ ಮನೆಗಳಲ್ಲಿದ್ದ ಎಷ್ಟೋ ಕಪ್ಪು ಕುಟುಂಬಗಳು ಒಡೆತನ ತೋರಿಸಲಾಗದೆ ನೆರವಿನಿಂದ ದೂರ ಉಳಿದವು. ಅಲ್ಲಿನ ಲೂಸಿಯಾನಾ ರಾಜ್ಯದ ರೋಡ್ ಹೋಮ್ ಯೋಜನೆಯು ಇನ್ನೊಂದು ತಪ್ಪು ಮಾಡಿತು: ದುರಸ್ತಿಯ ವೆಚ್ಚ ಮತ್ತು ಚಂಡಮಾರುತಕ್ಕಿಂತ ಮೊದಲಿನ ಮನೆಯ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ನೆರವನ್ನು ಲೆಕ್ಕ ಹಾಕಿತು. ಬಡ ಓಣಿಯ ಮನೆಗೆ ಬೆಲೆ ಕಡಿಮೆ. ಆದರೆ ಸಿಮೆಂಟಿನ ಚೀಲಕ್ಕೆ ಬಡವರಿಗೊಂದು, ಶ್ರೀಮಂತರಿಗೊಂದು ದರವಿಲ್ಲ. ಮೊಕದ್ದಮೆ ನಡೆದು 2011ರಲ್ಲಿ ರಾಜಿಯಾಯಿತು. ನಿಮ್ಮ ಸಂಸ್ಥೆ ನೆರವಿನ ಮೊತ್ತ ನಿಗದಿ ಮಾಡುವಾಗ ಕಟ್ಟಲು ತಗಲುವ ವೆಚ್ಚವನ್ನೇ ಅಳತೆಯಾಗಿಟ್ಟುಕೊಳ್ಳಿ, ಹಳೆಯ ಮನೆಯ ಅಂದಾಜು ಬೆಲೆಯನ್ನಲ್ಲ.

ಯಾವ ಪಟ್ಟಿಯಲ್ಲೂ ಇಲ್ಲದವರ ವಿಷಯ ಇನ್ನೂ ಗಂಭೀರವಾದದ್ದು. ರಾಯಗಡದ ಕಾತಕರಿ ಆದಿವಾಸಿಗಳ ಎಷ್ಟೋ ವಾಡಿಗಳು (ಕೇರಿಗಳು) ಬೇರೆಯವರ ಜಮೀನಿನಲ್ಲಿವೆ. ಅವರ ಗುಡಿಸಲು ಹಾರಿಹೋದರೆ ಅಲ್ಲೊಂದು ಮನೆಯಿತ್ತು ಎನ್ನಲು ಕಾಗದವೇ ಇರುವುದಿಲ್ಲ. ಮೊದಲ ಪಟ್ಟಿಯನ್ನು ಸಂಸ್ಥೆಯ ಕಚೇರಿಯಲ್ಲಿ ಕುಳಿತು ಮಾಡದೆ ಗ್ರಾಮಸಭೆಯಲ್ಲಿ ಓದಿ ಹೇಳಿ, ನಂತರ ವಾಡಿ ವಾಡಿಗೆ ನಡೆದು, ಗ್ರಾಮಸಭೆಗೆ ಬಾರದವರು ಯಾರೆಂದು ನೋಡಿ ಸೇರಿಸಬೇಕು. ಜಮೀನುದಾರರ ಒಪ್ಪಿಗೆ ಪತ್ರ ಅಥವಾ ಗಾಂವಠಾಣದ (ಊರಿನ ವಸತಿ ಜಾಗದ) ವಿಸ್ತರಣೆಗೆ ಜಿಲ್ಲಾಧಿಕಾರಿಗೆ ಮನವಿ, ಇವೆರಡರಲ್ಲಿ ಒಂದಕ್ಕಾಗಿ ವರ್ಷಗಟ್ಟಲೆ ಓಡಾಡುವ ತಾಳ್ಮೆ ಇದ್ದರೆ ಮಾತ್ರ ಅವರಿಗೆ ಮಾತು ಕೊಡಿ. ಪಕ್ಕಾ ಮನೆ ಆಗುವವರೆಗೆ ಬಿಚ್ಚಿ ಒಯ್ಯಬಹುದಾದ ಕಬ್ಬಿಣದ ಚೌಕಟ್ಟಿನ ಮನೆಯಾದರೂ ಅವರಿಗೆ ಸಿಗಬೇಕು.

ಸಮುದ್ರದ ಅಂಚಿನಲ್ಲಿ ಇನ್ನೊಂದು ಕಾನೂನನ್ನು ಗಮನಿಸಬೇಕು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯ ಪ್ರಕಾರ, ಜನಸಾಂದ್ರತೆ ಕಡಿಮೆ ಇರುವ ಹಳ್ಳಿಗಳಲ್ಲಿ ಭರತದ (ಉಬ್ಬರದ) ಗೆರೆಯಿಂದ 200 ಮೀಟರ್‌ವರೆಗೆ, ಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ 50 ಮೀಟರ್‌ವರೆಗೆ ಹೊಸ ಕಟ್ಟಡ ಸಲ್ಲದು. ಆದರೆ ಅಧಿಕೃತವಾಗಿ ಇದ್ದ ಮನೆಯನ್ನು ಅದೇ ಅಡಿಪಾಯದ ವಿಸ್ತೀರ್ಣ ಮೀರದೆ ಮತ್ತೆ ಕಟ್ಟಿಕೊಳ್ಳಲು ಅವಕಾಶವಿದೆ. "ಅಧಿಕೃತ" ಎಂಬ ಆ ಒಂದು ಪದಕ್ಕಾಗಿ ಹಳೆಯ ಮನೆಪಟ್ಟಿಯ (ಮನೆ ತೆರಿಗೆಯ) ರಸೀದಿ, ವಿದ್ಯುತ್ ಬಿಲ್ಲುಗಳನ್ನು ಹುಡುಕಿ ಜೋಪಾನ ಮಾಡಬೇಕು. ಗೋವಾದಲ್ಲಿ ಕೆಲಸ ಮಾಡುವವರು ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ವಾಸ್ಕೋದ ಬೈನಾ ಕಡಲತಡಿಯಲ್ಲಿ ದಶಕಗಳಿಂದ ನೆಲೆಸಿದ್ದ ಉತ್ತರ ಕರ್ನಾಟಕದ ಕುಟುಂಬಗಳು 2015ರಲ್ಲಿ ಮನೆ ಕಳೆದುಕೊಂಡದ್ದು ಗಾಳಿಯಿಂದಲ್ಲ, ಇದೇ ವಲಯದ ನಿಯಮದಿಂದ. ಅಂತಹ ಜಾಗದಲ್ಲಿ ದಾನಿಗಳ ಹಣ ಹಾಕಿ ಗೋಡೆ ಎತ್ತುವ ಮೊದಲು ವಕೀಲರ ಅಭಿಪ್ರಾಯ ಬರಹದಲ್ಲಿ ಪಡೆಯಿರಿ.

ಹಣ: ಎಲ್ಲಿಂದ, ಯಾವಾಗ, ಯಾವುದಕ್ಕೆ

ಪೂರ್ಣ ಹಾನಿಯಾದ ಮನೆಗೆ ಕೇಂದ್ರದ ವಿಪತ್ತು ನಿಧಿಯ ನಿಯಮದಂತೆ ನಿಸರ್ಗದ ಹೊತ್ತಿಗೆ ಬಯಲು ಪ್ರದೇಶದಲ್ಲಿ 95,100 ರೂಪಾಯಿ ಇತ್ತು. 2022ರಿಂದ 2026ರವರೆಗಿನ ನಿಯಮಗಳಲ್ಲಿ ಅದು 1,20,000 ಆಯಿತು. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯೂ ಬಯಲು ಪ್ರದೇಶಕ್ಕೆ 1,20,000 ಕೊಡುತ್ತದೆ, ಕನಿಷ್ಠ 25 ಚದರ ಮೀಟರ್ ಮನೆಗೆ. ಅದರ ಜೊತೆಗೆ ಉದ್ಯೋಗ ಖಾತ್ರಿಯ ಕೂಲಿ, ಶೌಚಾಲಯದ ಸಹಾಯಧನಗಳನ್ನು ಕೂಡಿಸಿದರೂ ಕೊಂಕಣದ ಗಾಳಿ ಮಳೆ ತಡೆಯುವ ಮನೆಗೆ ಸಾಲದು. ಕೊರತೆ ಬೀಳುವ ಆ ಭಾಗವೇ ನಮ್ಮ ಪಾಲು.

ಮೊದಲ ವರ್ಷ ನಾವು ಮಾಡಿದ ತಪ್ಪನ್ನು ಇಲ್ಲಿ ಬರೆದಿಡುತ್ತೇನೆ. ಕೈಯಲ್ಲಿದ್ದ ಹಣವನ್ನೆಲ್ಲ ಅಡಿಪಾಯದ ಹಂತದಲ್ಲೇ ಕೊಟ್ಟುಬಿಟ್ಟೆವು. ಬಹುದಿನದ ಆಸೆಯಿಂದ ಮನೆಯವರು ಪಂಚಾಂಗವನ್ನು (ಮನೆಯ ತಳಗಟ್ಟನ್ನು) ಮೂರಡಿ ಅಗಲಿಸಿದರು, ಗೋಡೆ ಬಾಗಿಲ ಮೇಲಿನ ಲಿಂಟಲ್‌ವರೆಗೆ ಬಂದು ನಿಂತಿತು, ಮಾಡಿಗೆ ಹಣವಿಲ್ಲದೆ ಐದು ಮನೆಗಳು ಇನ್ನೊಂದು ಮಳೆಗಾಲ ಬಯಲಾಗಿ ನಿಂತವು. ಅವರ ಮೇಲೆ ಹೊರಿಸುವ ತಪ್ಪಲ್ಲ ಅದು, ಕಂತನ್ನು ಸರಿಯಾಗಿ ಹಂಚದ ನಮ್ಮದು. ಅಂದಿನಿಂದ ಸರಕಾರದ ಹಣ ಬುಡ ಮತ್ತು ಗೋಡೆಗೆ ಹೋಗಲಿ, ಸಂಸ್ಥೆಯ ಹಣದ ದೊಡ್ಡ ಪಾಲು ಕಾಂಕ್ರೀಟ್ ಪಟ್ಟಿ ಮತ್ತು ಮಾಡಿಗೇ ಮೀಸಲಿರಲಿ ಎಂದು ನಿಯಮ ಮಾಡಿಕೊಂಡೆವು. ಸರಕಾರದ ಕಂತು ತಡವಾದರೆ ಗೌಂಡಿಯ ಕೆಲಸ ನಿಲ್ಲದಂತೆ ಚಿಕ್ಕ ಕೈಗಡದ ನಿಧಿಯೊಂದನ್ನು ಇಟ್ಟುಕೊಂಡು, ಕಂತು ಬಂದೊಡನೆ ತುಂಬಿಸಿಕೊಳ್ಳುವುದು ಕೂಡ ಬಹಳ ಉಪಕಾರಿ. ಮುಂಬಯಿಯ ಬಡವಸತಿಗಳಲ್ಲಿ ಮಹಿಳಾ ಮಿಲನ್ ಗುಂಪಿನ ಹೆಂಗಸರು 1980ರ ದಶಕದಿಂದ ದಿನದಿನದ ಉಳಿತಾಯ ಕೂಡಿಸಿ ಸಾಲ ಕೊಡುವ ಪದ್ಧತಿ ಬೆಳೆಸಿದ್ದಾರೆ. ಹಳ್ಳಿಯ ಬಚತ್ ಗಟ್‌ಗಳಿಗೆ (ಹೆಂಗಸರ ಉಳಿತಾಯ ಗುಂಪುಗಳಿಗೆ) ಈ ಕೈಗಡದ ಲೆಕ್ಕ ವಹಿಸಿದರೆ ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಸಿಮೆಂಟ್, ಕಬ್ಬಿಣವನ್ನು ಸಂಸ್ಥೆ ಒಟ್ಟಾಗಿ ಕೊಂಡು, ಕೊಂಡ ದರವನ್ನು ವಾಡಿಯ ದೇವಸ್ಥಾನದ ಗೋಡೆಯ ಮೇಲೆ ಬರೆದು ಹಾಕಿ.

ಕಾಲದ ಲೆಕ್ಕವೂ ಹಣದಷ್ಟೇ ಮುಖ್ಯ. ಚಂಡಮಾರುತ ಮೇ-ಜೂನ್‌ನಲ್ಲಿ ಬಂದರೆ ಮಳೆಗಾಲ ಮುಗಿಯುವವರೆಗೆ ತಾತ್ಕಾಲಿಕ ಮಾಡು ಮತ್ತು ಕಾಗದಪತ್ರ. ಭತ್ತದ ಕೊಯ್ಲು ಮುಗಿದ ಮೇಲೆ ಅಡಿಪಾಯ. ಏಪ್ರಿಲ್ ಕೊನೆಯೊಳಗೆ ಮಾಡು. ಇದಕ್ಕಿಂತ ಬೇಗ ಮುಗಿಸುವೆವೆಂದು ದಾನಿಗಳಿಗೆ ಹೇಳಬೇಡಿ.

ಮಾಡು ಹಾರದಂತೆ ಕಟ್ಟುವುದು

ಬಿರುಗಾಳಿಯು ಮಾಡನ್ನು ಕೆಳಕ್ಕೆ ಒತ್ತುತ್ತದೆಂದು ಜನ ತಿಳಿಯುತ್ತಾರೆ, ಅದಕ್ಕೇ ಕಲ್ಲು, ಮರಳಿನ ಚೀಲ ಹೇರುತ್ತಾರೆ. ವಾಸ್ತವದಲ್ಲಿ ಇಳಿಜಾರಿನ ಮೇಲೆ ಹರಿಯುವ ಗಾಳಿ ಮಾಡನ್ನು ಮೇಲಕ್ಕೆ ಹೀರುತ್ತದೆ. ಒಂದು ಕಿಟಕಿ ಮುರಿದು ಗಾಳಿ ಒಳಹೊಕ್ಕರೆ ಒಳಗಿನಿಂದಲೂ ಅದೇ ಮಾಡನ್ನು ಎತ್ತುತ್ತದೆ. ಭಾರತೀಯ ಮಾನಕ ಐಎಸ್ 875ರ 3ನೇ ಭಾಗದಲ್ಲಿ ವಿನ್ಯಾಸಕ್ಕೆ ಹಿಡಿಯುವ ಮೂಲ ಗಾಳಿವೇಗ ಮುಂಬಯಿಗೆ ಸೆಕೆಂಡಿಗೆ 44 ಮೀಟರ್, ಅಂದರೆ ಗಂಟೆಗೆ ಸುಮಾರು 158 ಕಿಲೋಮೀಟರ್; ಪಣಜಿಗೆ 39 ಮೀಟರ್. ಚಿಕ್ಕ ಮನೆಗಳಿಗೆ ಐಎಸ್ 15498 ಎಂಬ ಪ್ರತ್ಯೇಕ ಮಾರ್ಗಸೂಚಿ 2004ರಿಂದ ಇದೆ. ನಿಮ್ಮ ಎಂಜಿನಿಯರರ ಕೈಯಲ್ಲಿ ಇವೆರಡೂ ಇರಲಿ.

ತಂತ್ರವನ್ನು ಒಂದು ಸರಪಳಿಯೆಂದು ಮನೆಯವರಿಗೆ ವಿವರಿಸಿ. ತಗಡು ಅದರ ಕೆಳಗಿನ ಅಡ್ಡತೊಲೆಯಾದ ಪರ್ಲಿನ್‌ಗೆ, ಪರ್ಲಿನ್ ಇಳಿಜಾರಿನ ತೊಲೆಯಾದ ಪಕ್ಕಾಸಿಗೆ, ಪಕ್ಕಾಸು ಗೋಡೆಯ ನೆತ್ತಿಯ ಕಾಂಕ್ರೀಟ್ ಪಟ್ಟಿಗೆ, ಆ ಪಟ್ಟಿ ಮೂಲೆಗಳಲ್ಲಿ ನಿಲ್ಲಿಸಿದ ಸರಳಿನ ಮೂಲಕ ಅಡಿಪಾಯಕ್ಕೆ ಬಿಗಿದಿರಬೇಕು. ಒಂದು ಕೊಂಡಿ ಸಡಿಲವಾದರೆ ಮಿಕ್ಕ ಎಲ್ಲ ಖರ್ಚೂ ವ್ಯರ್ಥ. ತಗಡಿಗೆ ಮೊಳೆ ಹೊಡೆಯಬಾರದು. ವಾಷರ್ ಸಹಿತ ಜೆ-ಹುಕ್ಕನ್ನು ತಗಡಿನ ಏರುಗೆರೆಯಲ್ಲಿ ಹಾಕಿ ತಿರುಗಿಸಬೇಕು, ಮತ್ತು ಸೂರು, ನೆತ್ತಿ, ಎರಡೂ ತುದಿಗಳಲ್ಲಿ ಹುಕ್ಕುಗಳ ನಡುವಿನ ಅಂತರವನ್ನು ನಡುಭಾಗದ ಅರ್ಧಕ್ಕೆ ಇಳಿಸಬೇಕು, ಏಕೆಂದರೆ ಗಾಳಿಯ ಸೆಳೆತ ಅಂಚುಗಳಲ್ಲೇ ಹೆಚ್ಚು. ಇಳಿಜಾರು 22ರಿಂದ 30 ಡಿಗ್ರಿಯ ಒಳಗಿರಲಿ. ಎರಡು ಇಳಿಜಾರಿಗಿಂತ ನಾಲ್ಕು ಇಳಿಜಾರಿನ ಮಾಡು ಗಾಳಿಗೆ ಚೆನ್ನಾಗಿ ನಿಲ್ಲುತ್ತದೆ. ಸೂರಿನ ಚಾಚು ಒಂದೂವರೆ ಅಡಿ ದಾಟದಿರಲಿ, ಮತ್ತು ಜಗಲಿಯ ಮಾಡನ್ನು ಮುಖ್ಯ ಮಾಡಿನಿಂದ ಬೇರೆಯಾಗಿಯೇ ಕಟ್ಟಿ. ಬಿರುಗಾಳಿಗೆ ಜಗಲಿ ಹೋದರೂ ಮನೆ ಉಳಿಯುತ್ತದೆ.

ನಮ್ಮ ಊರುಗಳಿಂದ ಬಂದ ಮಂಗಳೂರು ಹೆಂಚು ಕೊಂಕಣದಲ್ಲಿ ಇಂದಿಗೂ ಎಲ್ಲರಿಗೂ ಪ್ರಿಯ, ಅದರ ಕೆಳಗಿನ ತಂಪನ್ನು ತಗಡು ಕೊಡಲಾರದು. ಹೆಂಚನ್ನೇ ಬಯಸುವವರಿಗೆ ಬೇಡವೆನ್ನಬೇಡಿ. ಆದರೆ ಅಂಚಿನ ಸಾಲುಗಳ ಪ್ರತಿ ಹೆಂಚನ್ನೂ ರೀಪಿಗೆ ತುಕ್ಕು ಹಿಡಿಯದ ತಂತಿಯಿಂದ ಬಿಗಿಸಿ, ನಡುನಡುವೆ ಇಳಿಜಾರಿನ ಉದ್ದಕ್ಕೂ ಗಾರೆಯ ಪಟ್ಟಿ ಹಾಕಿಸಿ. ಗೋಡೆಗೆ ಸ್ಥಳೀಯ ಚಿರೇಕಲ್ಲು, ಅಂದರೆ ನಮ್ಮ ಕರಾವಳಿಯ ಕೆಂಪುಕಲ್ಲೇ ಸಾಕು. ಕಡಲ ಮರಳನ್ನು ಕಾಂಕ್ರೀಟಿಗೆ ಖಂಡಿತ ಬಳಸಬಾರದು. ಅದರ ಉಪ್ಪು ಕೆಲವೇ ವರ್ಷಗಳಲ್ಲಿ ಸರಳನ್ನು ತಿನ್ನುತ್ತದೆ.

ಹೊಸ ಸಾಮಗ್ರಿಯ ಆಕರ್ಷಣೆಗೆ ಬೀಳದಿರಿ. ನ್ಯೂ ಆರ್ಲಿಯನ್ಸಿನಲ್ಲಿ ನಟ ಬ್ರಾಡ್ ಪಿಟ್ ಸ್ಥಾಪಿಸಿದ ಲಾಭರಹಿತ ಸಂಸ್ಥೆಯೊಂದು ಹೆಸರಾಂತ ವಾಸ್ತುಶಿಲ್ಪಿಗಳಿಂದ ನೂರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿಸಿತು. ಅದರಲ್ಲಿ ಬಳಸಿದ ಹೊಸ ಬಗೆಯ ಮರ ಅಲ್ಲಿನ ತೇವಕ್ಕೆ ಕೊಳೆಯಿತು, 2018ರಲ್ಲಿ ನಿವಾಸಿಗಳೇ ನ್ಯಾಯಾಲಯಕ್ಕೆ ಹೋದರು. ಮನೆ ಕಟ್ಟುವ ಊರಿನ ಮಳೆಯನ್ನು ಇಪ್ಪತ್ತು ವರ್ಷ ಕಂಡ ಸಾಮಗ್ರಿಯನ್ನಷ್ಟೇ ಬಡವರ ಮನೆಗೆ ಹಾಕಬೇಕೆಂಬುದು ನನ್ನ ನಿಲುವು.

ಗೌಂಡಿಗಳ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಪುಣೆ, ನವಿ ಮುಂಬಯಿ, ಗೋವಾಗಳ ಕಟ್ಟಡದ ಕೆಲಸದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ಬಾಗಲಕೋಟೆಯ ಕಡೆಯವರು ಬಹಳ ಮಂದಿ. ಪಟ್ಟಿಯ ಮೂಲೆಯಲ್ಲಿ ಸರಳನ್ನು ಬಗ್ಗಿಸಿ ಹೇಗೆ ಹಾಯಿಸಬೇಕೆಂದು ಮರಾಠಿಯಲ್ಲಿ ಹೇಳಿದಾಗ ತಲೆಯಾಡಿಸಿ ಸುಮ್ಮನಿದ್ದ ಹಿರಿಯ ಗೌಂಡಿಯೊಬ್ಬರು, "ಯಾಕ್ರೀ ಕಾಕಾ, ಇದು ಹಿಂಗ್ಯಾಕ ಬೇಕು ಅಂತ ಕೇಳ್ರಿ" ಎಂದು ನಾನು ಅವರ ಮಾತಿನಲ್ಲೇ ಎಂದಾಗ ಹತ್ತು ಪ್ರಶ್ನೆ ಕೇಳಿದರು. ಮೊದಲ ಮನೆಯನ್ನು ಶಾಲೆಯೆಂದೇ ಭಾವಿಸಿ, ಸ್ಥಳೀಯ ಗೌಂಡಿಗಳು ಮತ್ತು ನಮ್ಮ ಕಡೆಯವರು ಜೊತೆಗೆ ನಿಂತು ಕಲಿಯುವಂತೆ ಮಾಡಿ, ಆ ಕಲಿಕೆಯ ದಿನಗಳಿಗೂ ಪೂರ್ಣ ಕೂಲಿ ಕೊಡಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ಪ್ರಮಾಣಪತ್ರ ಕೊಡುವುದನ್ನು ಮರೆಯಬೇಡಿ.

ಪ್ರತಿ ಮನೆಗೆ ಎಂಜಿನಿಯರರು ನಾಲ್ಕು ಸಲವಾದರೂ ಹೋಗಬೇಕು: ಪಾಯ ತೋಡಿದಾಗ, ಲಿಂಟಲ್ ಪಟ್ಟಿಗೆ ಸರಳು ಕಟ್ಟಿದಾಗ, ಮೇಲಿನ ಪಟ್ಟಿ ಎರಕ ಹೊಯ್ಯುವ ಮೊದಲು, ಮಾಡು ಮುಗಿದಾಗ. ಸರಳು ಕಾಂಕ್ರೀಟಿನೊಳಗೆ ಮುಚ್ಚಿಹೋದ ಮೇಲೆ ಹೋಗಿ ಫಲವಿಲ್ಲ. ಪ್ರತಿ ಭೇಟಿಯ ಚೀಟಿಯ ಒಂದು ಪ್ರತಿ ಮನೆಯವರ ಕೈಯಲ್ಲಿರಲಿ, ಅವರೇ ಮುಂದಿನ ಕಂತಿಗೆ ಅದನ್ನು ತೋರಿಸಲಿ.

ಗೃಹಪ್ರವೇಶದ ದಿನ ಮನೆಯೊಂದಿಗೆ ಒಂದು ಸ್ಪ್ಯಾನರ್, ಒಂದು ಹಿಡಿ ಜೆ-ಹುಕ್ಕು ಮತ್ತು ವಾಷರುಗಳನ್ನು ಕೊಡಿ. ಮನೆಯ ನಕ್ಷೆ, ಪಂಚನಾಮೆ, ಫೇರ್‌ಫಾರ್ ಪ್ರತಿಗಳನ್ನು ನೀರು ತಾಗದ ಚೀಲದಲ್ಲಿ ಹಾಕಿ ಕೊಡಿ. ಪ್ರತಿ ವರ್ಷ ಮೇ ಮೊದಲ ವಾರದಲ್ಲಿ ಮಾಡು ಹತ್ತಿ ಹುಕ್ಕುಗಳನ್ನು ಬಿಗಿಯಬೇಕು, ತುಕ್ಕು ಹಿಡಿದವನ್ನು ಬದಲಿಸಬೇಕು, ಮನೆಯ ಮೇಲೆ ಬಾಗಿದ ತೆಂಗಿನ ಮರವನ್ನು ಕಡಿಸಬೇಕೇ ಎಂದು ನೋಡಬೇಕು. ಮೊದಲ ಎರಡು ವರ್ಷ ನಿಮ್ಮ ತಂಡದ ಒಬ್ಬರು ಆ ವಾರ ಅಲ್ಲಿರಲಿ. ಮೂರನೆಯ ವರ್ಷದಿಂದ ಬಚತ್ ಗಟ್‌ನ ಹೆಂಗಸರು ಮನೆ ಮನೆ ನೋಡಿ ಫೋನಿನಲ್ಲಿ ಚಿತ್ರ ಕಳಿಸುತ್ತಾರೆ, ಮತ್ತು ಯಾವ ಮನೆಗೆ ಎಷ್ಟು ವಾಷರ್ ಬೇಕೆಂಬ ಪಟ್ಟಿಯನ್ನೂ.